ಉಬ್ಬರದ ದಿನದ ಕೂಲಿ

ಮಳೆಗಾಲದ ಅಮಾವಾಸ್ಯೆ, ಹುಣ್ಣಿಮೆ ಬಂತೆಂದರೆ ನಮ್ಮ ಕಡಲತಡಿಯ ಮನೆಗಳಲ್ಲಿ ನಿದ್ದೆಯಿಲ್ಲ. ಉಳ್ಳಾಲ, ಸೋಮೇಶ್ವರಗಳಲ್ಲಿ ಕಡಲ್ಕೊರೆತಕ್ಕೆ ತೆಂಗು, ರಸ್ತೆ, ಮನೆ ಹೋದದ್ದನ್ನು ನಾವೆಲ್ಲರೂ ಬಲ್ಲೆವು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಅಪ್ಪಳಿಸಿದ್ದು ಗುಜರಾತಿಗೆ. ಆದರೆ ದಾರಿಯಲ್ಲಿ ಹಾದುಹೋಗುವಾಗಲೇ ನಮ್ಮ ದಂಡೆಯನ್ನು ಕೆಡವಿತು.

ಇದೆಲ್ಲ ದೈವೇಚ್ಛೆ ಎಂದು ಕೈತೊಳೆದುಕೊಳ್ಳುವವರಿಗೆ ನಾವು ಒಂದು ಮಾತು ಹೇಳಬೇಕಾಗಿದೆ. ಉಬ್ಬರವಿಳಿತವೆಂಬುದು ಲೆಕ್ಕ. ಸೂರ್ಯ ಚಂದ್ರರು ಒಂದೇ ಸಾಲಿನಲ್ಲಿ ನಿಂತು ಎಳೆಯುವ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ. ಚಂದ್ರ ಭೂಮಿಗೆ ಹತ್ತಿರ ಬಂದಾಗ ಇನ್ನಷ್ಟು. ಗಂಟೆ ನಿಮಿಷ ಸಹಿತ ವರ್ಷ ಮೊದಲೇ ಅಚ್ಚಾಗುವ ಲೆಕ್ಕವಿದು. ಅದರ ಮೇಲೆ ಗಾಳಿ ನೀರನ್ನು ದಡಕ್ಕೆ ತಳ್ಳಿ, ಅದೇ ಹೊತ್ತಿಗೆ ಘಟ್ಟದ ಮಳೆನೀರು ನೇತ್ರಾವತಿಯಲ್ಲಿ ಇಳಿದು ಬಂದರೆ, ಅಳಿವೆಯಲ್ಲಿ ಹೊರಹೋಗಲು ದಾರಿಯಿಲ್ಲದೆ ಹೊಳೆ ತಗ್ಗಿನ ಕೇರಿಗಳಿಗೆ ನುಗ್ಗುತ್ತದೆ. ಕಡಲನ್ನೇ ಕಾಣದ ಅಂಗಡಿಯೊಳಗೂ ಚರಂಡಿಯಿಂದ ನೀರು ಮೇಲೆ ಬರುವುದು ಹೀಗೆ. ಇನ್ನೊಂದು ಬಗೆಗೆ ಕೇರಳದವರು 'ಕಳ್ಳಕ್ಕಡಲ್' ಎನ್ನುತ್ತಾರೆ. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಕೆಲವು ದಿನಗಳ ಮೇಲೆ, ಇಲ್ಲಿ ಗಾಳಿಯೇ ಇಲ್ಲದಿರುವಾಗ, ದಡ ಏರಿ ಬರುತ್ತವೆ. ಅದನ್ನೂ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಮುಂಚಿತವಾಗಿ ತಿಳಿಸುತ್ತದೆ.

ತಿಳಿಸಿದರೆ ಸಾಕೆ? 1953ರ ಜನವರಿ 31ರ ರಾತ್ರಿ ಹಾಲೆಂಡಿನಲ್ಲಿ ದೊಡ್ಡ ಉಬ್ಬರವೂ ಬಿರುಗಾಳಿಯೂ ಕೂಡಿ ಬಂದವು. ಹವಾಮಾನ ಕಚೇರಿ ಎಚ್ಚರಿಕೆ ಕೊಟ್ಟಿತ್ತು. ರೇಡಿಯೋ ಮಾತ್ರ ನಡುರಾತ್ರಿಗೆ ಬಾಯಿ ಮುಚ್ಚಿತ್ತು. ಕಟ್ಟೆಗಳು ಒಡೆದಾಗ ಜನ ಮಲಗಿದ್ದರು. ಸತ್ತವರು 1,836 ಮಂದಿ.

ಇಂದು ನಮ್ಮಲ್ಲಿ ಕೈಕೈಗೂ ಫೋನಿದೆ, ಸುದ್ದಿ ಮುಟ್ಟುತ್ತದೆ. ಆದರೆ ಸುದ್ದಿ ಕೇಳಿ ಮನೆಯಲ್ಲುಳಿದರೆ ಗೇರುಬೀಜ ಕಾರ್ಖಾನೆಯ ಹೆಂಗಸಿಗೆ ಅಂದಿನ ಕೂಲಿಯಿಲ್ಲ. ಆದ್ದರಿಂದ ಅತ್ತೆಯನ್ನೂ ಮಕ್ಕಳನ್ನೂ ತಗ್ಗಿನ ಮನೆಯಲ್ಲಿ ಬಿಟ್ಟು ಅವಳು ಗೇಟಿನೊಳಗೆ ಹೋಗುತ್ತಾಳೆ. ಸಾಲಕ್ಕೆ ತಂದ ಅಕ್ಕಿ ಮೂಟೆಗಳನ್ನು ಬಿಟ್ಟು ಅಂಗಡಿಯವನೂ ಕದಲಲಾರ. ಇವರನ್ನು ಅಜ್ಞಾನಿಗಳೆಂದು ಬೈಯುವ ಅಧಿಕಾರಿಗಳು ಒಂದು ದಿನದ ಸಂಬಳ ಬಿಟ್ಟು ನೋಡಲಿ! 2005ರ ವಿಪತ್ತು ನಿರ್ವಹಣಾ ಕಾನೂನಿನಂತೆ ಜಿಲ್ಲಾಧಿಕಾರಿಯವರೇ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು. ಎಚ್ಚರಿಕೆಯ ದಿನ ತಗ್ಗು ಪ್ರದೇಶದ ಕೆಲಸಗಾರರ ಕೂಲಿಯನ್ನು ಮಾಲಕರು ಕಡಿಯಬಾರದು. ವ್ಯಾಪಾರಿಗಳ ಸರಕಿಡಲು ಎತ್ತರದ ಸರಕಾರಿ ಕಟ್ಟಡವೊಂದನ್ನು ಹಿಂದಿನ ದಿನವೇ ತೆರೆಯಬೇಕು. ಅವರು ಈ ಎರಡನ್ನೂ ಮಾಡಿಸಬೇಕೆಂದು ನಾವು ಕೇಳುತ್ತೇವೆ.

ಅಷ್ಟರವರೆಗೆ ನಮ್ಮ ಕೈಯಲ್ಲಿ ಆಗುವುದನ್ನು ನಾವು ಮಾಡಿಕೊಳ್ಳೋಣ. ಸಕ್ಕರೆ, ಬೇಳೆ, ಲೆಕ್ಕದ ಪುಸ್ತಕ ಮೇಲಿನ ಹಲಗೆಗೆ ಹೋಗಲಿ. ನೀರು ಹೊಸ್ತಿಲಿಗೆ ಬರುವ ಮೊದಲೇ ಮೇನ್ ಸ್ವಿಚ್ ತೆಗೆಯಿರಿ. ಒದ್ದೆ ನೆಲದಲ್ಲಿ ನಿಂತು ಮುಟ್ಟಬೇಡಿ. ಉಪ್ಪುನೀರು ಹೊಕ್ಕ ಬಾವಿಯ ನೀರನ್ನು ಕುದಿಸಿದರೆ ಉಪ್ಪು ಹೋಗದು, ಕುಡಿಯುವ ನೀರನ್ನು ಮೊದಲೇ ತುಂಬಿಡಿ. ಹರಿಯುವ ನೀರು ಮೊಣಕಾಲ ಮಟ್ಟದ್ದಾದರೂ ದಾಟಬಾರದು. ಅಲೆಯ ಚಂದ ನೋಡಲು ದಂಡೆಗೆ ಹೋಗುವ ಪೇಟೆಯ ಮಹನೀಯರು ಅಂದೊಂದು ದಿನ ಮನೆಯಲ್ಲಿರಲಿ. ಮುಖ್ಯವಾಗಿ, ಬೆಳಿಗ್ಗೆ ನೀರು ಇಳಿಯಿತೆಂದು ಮುದುಕರನ್ನೂ ಮಕ್ಕಳನ್ನೂ ವಾಪಸು ಕರೆತರಬೇಡಿ. ಉಬ್ಬರ ಸುಮಾರು 12 ಗಂಟೆ 25 ನಿಮಿಷಕ್ಕೆ ಮತ್ತೆ ಬರುತ್ತದೆ, ಆಗ ಕತ್ತಲೆಯಾಗಿರಬಹುದು.

ಜಿಲ್ಲಾ ಕಂಟ್ರೋಲ್ ರೂಮಿನ ಸಂಖ್ಯೆ 1077. ಕದದ ಒಳಬದಿಯಲ್ಲಿ ದೊಡ್ಡದಾಗಿ ಬರೆದಿಡಿ.