ಖಾಲಿ ಉಳಿದ ಜಿಲ್ಲಾ ಪಂಚಾಯಿತಿ

ಅಭಿವೃದ್ಧಿಶೀಲ ದೇಶಕ್ಕೆ ಮೊದಲು ಬೇಕಾದದ್ದು ಬಿಗಿ ಆಡಳಿತ, ಅಧಿಕಾರ ಹಂಚಿಕೆ ಆಮೇಲಾದರೂ ಆದೀತು ಎನ್ನುವವರು ಎಲ್ಲೆಡೆ ಇದ್ದಾರೆ. ಆದರೆ ಹಂಚಬೇಕಾದವರೇ ಕಳೆದುಕೊಳ್ಳುವವರೂ ಆಗಿರುವಾಗ ಆ ಕಾಲ ತಾನಾಗಿ ಕೂಡಿಬರುವುದಿಲ್ಲ. ಕರ್ನಾಟಕದ್ದೇ ಕಥೆ ನೋಡಿ. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಹಟ ಹಿಡಿದು ತಂದ 1983ರ ಕಾಯ್ದೆಯಂತೆ 1987ರಲ್ಲಿ, ಇಂದಿನ ಜಿಲ್ಲಾ ಪಂಚಾಯಿತಿಗಳ ಹಿಂದಿನ ರೂಪವಾದ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ಕಾಲು ಭಾಗ ಸ್ಥಾನ ಮಹಿಳೆಯರಿಗೆ ಮೀಸಲು. ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಜಿಲ್ಲಾಧಿಕಾರಿಗಿಂತ ಹಿರಿಯರಾದ ಐಎಎಸ್ ಅಧಿಕಾರಿ. ಶಾಲೆಗೆ ಮೇಷ್ಟ್ರು, ಆಸ್ಪತ್ರೆಗೆ ಡಾಕ್ಟರು ಬಾರದಿದ್ದರೆ ಕೇಳುವವರು ಜಿಲ್ಲೆಯಲ್ಲೇ ಇದ್ದರು. 1992ರಲ್ಲಿ ಅವಧಿ ಮುಗಿಯಿತು. ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದು ಕೂತರು.

ಪಂಚಾಯಿತಿಗಳ ಐದು ವರ್ಷದ ಅವಧಿ ತುಂಬುವ ಮೊದಲೇ ಚುನಾವಣೆ ಮುಗಿಯಬೇಕೆಂದು 73ನೇ ತಿದ್ದುಪಡಿ ಸಂವಿಧಾನದಲ್ಲೇ ಬರೆಯಿತು. ಆದರೂ 2021ರಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಹಳೆಯದೇ ಮರುಕಳಿಸಿತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು, ಹೀಗೆ ಕಾರಣಗಳಿಗೆ ಬರವಿರಲಿಲ್ಲ. ಕೊರೊನಾ ಅಡ್ಡಬಂತು ಎನ್ನೋಣವೆಂದರೆ, ಅದರ ನಡುವೆಯೇ 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿಗಳಿಗೆ ಮತದಾನ ನಡೆದಿತ್ತು. ಗ್ರಾಮ ಪಂಚಾಯಿತಿ ಸದಸ್ಯನಿಂದ ಶಾಸಕರಿಗೆ ಆತಂಕವಿಲ್ಲ. ಜಿಲ್ಲಾ ಪಂಚಾಯಿತಿ ಸದಸ್ಯ ನಾಳೆ ವಿಧಾನಸಭೆಯ ಟಿಕೆಟ್ ಕೇಳುವವನು. ಆ ಕುರ್ಚಿ ಖಾಲಿ ಇರುವಷ್ಟು ದಿನ ರಸ್ತೆ, ಕೊಳವೆಬಾವಿ, ಗುತ್ತಿಗೆ ಎಲ್ಲಕ್ಕೂ ಜನ ಶಾಸಕರ ಮನೆ ಬಾಗಿಲಿಗೇ ಬರಬೇಕು. ಸರ್ಕಾರ ಬದಲಾದರೂ ಮುಂದೂಡಿಕೆ ಬದಲಾಗದ್ದಕ್ಕೆ ಇದಕ್ಕಿಂತ ಬಲವಾದ ಕಾರಣ ನನಗೆ ಕಾಣುವುದಿಲ್ಲ.

ಸ್ಥಳೀಯ ಸಂಸ್ಥೆಗಳೆಂದರೆ ಊರ ಬಲಿಷ್ಠರ ಕೂಟ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಹಳ್ಳಿಯ ಬಗೆಗಿನ ಭ್ರಮೆಯನ್ನು ಅಂಬೇಡ್ಕರ್ 1948ರಲ್ಲೇ ಸಂವಿಧಾನ ಸಭೆಯಲ್ಲಿ ಕಟುವಾಗಿ ಟೀಕಿಸಿದ್ದರು. ಹಳ್ಳಿಯ ಜಾತಿ ಇಂದಿಗೂ ಅವರ ಮಾತನ್ನು ಸುಳ್ಳಾಗಿಸಿಲ್ಲ. ಆದರೆ ಪಂಚಾಯಿತಿ ಖಾಲಿ ಬಿಟ್ಟರೆ ಬಲಿಷ್ಠರೇನೂ ಬಲ ಕಳೆದುಕೊಳ್ಳುವುದಿಲ್ಲ, ಅವರಿಗೆ ಬೆಂಗಳೂರಿನ ದಾರಿ ಗೊತ್ತು. ಕಳೆದುಹೋಗುವುದು ಮೀಸಲು ಕ್ಷೇತ್ರದಿಂದ ಗೆದ್ದು ಬರಬಹುದಾಗಿದ್ದ ದಲಿತ ಮಹಿಳೆಯ ಸ್ಥಾನ, ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವ ಅವಳ ಹಕ್ಕು. ಆಡಳಿತಾಧಿಕಾರಿ ದಕ್ಷರೂ ಪ್ರಾಮಾಣಿಕರೂ ಆಗಿರಬಹುದು, ನಿಜ. ಆದರೆ ಅವರ ವರ್ಗಾವಣೆ ರಾಜಧಾನಿಯ ಕೈಯಲ್ಲಿರುವುದರಿಂದ ಅವರು ಉತ್ತರ ಹೇಳುವುದೂ ಅಲ್ಲಿಗೇ. ಮರುವಿಂಗಡಣೆಯ ನೆಪದಲ್ಲಿ ಚುನಾವಣೆ ತಡೆಯಬಾರದೆಂದು ಸುಪ್ರೀಂ ಕೋರ್ಟ್ 2022ರಲ್ಲಿ, ಮಧ್ಯಪ್ರದೇಶದ ಪ್ರಕರಣದಲ್ಲಿ, ಹೇಳಿಯೂ ಇದೆ. ಕ್ಷೇತ್ರದ ಗಡಿ ಮತ್ತು ಮೀಸಲಾತಿ ನಿಗದಿಪಡಿಸುವ ಕೆಲಸ ರಾಜ್ಯ ಚುನಾವಣಾ ಆಯೋಗದ ಬಳಿಯೇ ಇರಬೇಕು. ಅದು ಸಕಾಲಕ್ಕೆ ಮುಗಿಯದಿದ್ದರೆ ಹಳೆಯ ಗಡಿಗಳಲ್ಲೇ ಮತದಾನ ನಡೆಯಬೇಕು.