ಹೊಲಿಗೆ ಯಂತ್ರವೂ ವರದಕ್ಷಿಣೆಯ ಪಟ್ಟಿ ಸೇರಿದಾಗ



ಹೈಸ್ಕೂಲಿನಲ್ಲಿ ಓದುತ್ತಿರುವ ಹೆಣ್ಣುಮಕ್ಕಳಿಗೆ ಏನಾದರೂ ಕಸುಬು ಕಲಿಸಬೇಕೆಂಬ ಮಾತು ನಮ್ಮ ಸಂಘಗಳ ಸಭೆಗಳಲ್ಲಿ ಪದೇ ಪದೇ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: "ಹೊಲಿಗೆ ಕಲಿಸಿಬಿಡೋಣ, ನಾಳೆ ಗಂಡನ ಮನೆಯಲ್ಲಿ ಉಪಯೋಗಕ್ಕೆ ಬರುತ್ತೆ." ಮೊದಲ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ನನ್ನ ತಕರಾರು ಎರಡನೆಯದರ ಬಗ್ಗೆ.

ಹದಿನಾಲ್ಕು ವರ್ಷದ ಹುಡುಗನನ್ನು ಕಸುಬಿಗೆ ಹಾಕುವಾಗ ಅವನ ಅತ್ತೆಮನೆಯವರು ನಮ್ಮ ತಲೆಯೊಳಗೆ ಬರುವುದೇ ಇಲ್ಲ. ಎಷ್ಟು ಸಂಬಳ, ಯಾವ ಊರು, ಕಾಯಂ ಆಗುತ್ತದೆಯೇ ಎಂದು ಕೇಳುತ್ತೇವೆ. ಹುಡುಗಿಯ ವಿಷಯ ಬಂದಾಗ ಮಾತ್ರ ಕಸುಬು ಅವಳ ಹೊಟ್ಟೆಪಾಡಿನ ದಾರಿಯಾಗದೆ ಮದುವೆಯ ಮಾರುಕಟ್ಟೆಯಲ್ಲಿ ಇನ್ನೊಂದು ಯೋಗ್ಯತೆಯಾಗಿಬಿಡುತ್ತದೆ.

ನೊಂದು ಬಂದ ಹೆಂಗಸರ ಜೊತೆ ಕೂತು, ತವರಿನವರು ಕೊಟ್ಟ ಸಾಮಾನುಗಳ ಪಟ್ಟಿ ಬರೆಯುವ ಕೆಲಸ ನನ್ನದು. ಬೀರು, ಮಂಚ, ಪಾತ್ರೆ, ಗಾಡಿ, ಚಿನ್ನ. ಇವುಗಳ ನಡುವೆ ಹೊಲಿಗೆ ಯಂತ್ರವೂ ಇರುತ್ತದೆ. ಹುಡುಗಿ ಹೊಲಿಗೆ ಕಲಿತಿದ್ದಾಳೆ ಎಂದು ಸಂಬಂಧ ಕುದುರುತ್ತದೆ. ಆಮೇಲೆ ಯಂತ್ರವನ್ನೂ ನೀವೇ ಕೊಡಿಸಿ ಎನ್ನುತ್ತಾರೆ. ಅವಳು ಹೊಲಿದ ಬ್ಲೌಸುಗಳ ದುಡ್ಡು ಅತ್ತೆಯ ಕೈಗೆ ಹೋಗುತ್ತದೆ. ಹೊಡೆತ ತಾಳಲಾರದೆ ಮನೆ ಬಿಟ್ಟು ಬರುವಾಗ ಯಂತ್ರ ಅಲ್ಲೇ ಉಳಿಯುತ್ತದೆ. ಕಸುಬು ಕಲಿತ ಕೈ ಬರಿಗೈಯಾಗಿ ತವರಿಗೆ ಬರುತ್ತದೆ.

ಇದಕ್ಕೆ ಬೇರು ಶಾಲೆಯಲ್ಲೂ ಇದೆ. ಹಿಂದೆ ಹೈಸ್ಕೂಲಿನಲ್ಲಿ ಕ್ರಾಫ್ಟ್ ಪೀರಿಯಡ್ ಎಂದರೆ ಹುಡುಗರಿಗೆ ಮರಗೆಲಸ, ಹುಡುಗಿಯರಿಗೆ ಹೊಲಿಗೆ. 1977-78ರಿಂದ ನಮ್ಮ ರಾಜ್ಯದ ಪದವಿಪೂರ್ವ ಹಂತದಲ್ಲಿ ಜೆ.ಓ.ಸಿ. ಕೋರ್ಸುಗಳು ನಡೆದವು. ಅವೂ ಮುಚ್ಚಿಹೋದವು. 1986ರ ರಾಷ್ಟ್ರೀಯ ಶಿಕ್ಷಣ ನೀತಿ, ಹೈಸ್ಕೂಲು ದಾಟಿದ ಮಕ್ಕಳಲ್ಲಿ ನೂರಕ್ಕೆ 10 ಮಂದಿ 1990ರ ಹೊತ್ತಿಗೆ, 25 ಮಂದಿ 1995ರ ಹೊತ್ತಿಗೆ ವೃತ್ತಿಶಿಕ್ಷಣಕ್ಕೆ ಬರಬೇಕೆಂದಿತು. 1992ರಲ್ಲಿ ಆ ಗಡುವನ್ನು 1995ಕ್ಕೂ 2000ಕ್ಕೂ ತಳ್ಳಿದರು. 2020ರ ನೀತಿ ಬಂದಾಗ ಗುರಿ ನೂರಕ್ಕೆ 50 ಆಯಿತು, ಗಡುವು 2025 ಆಯಿತು. ಸಾಲದ ಕಂತನ್ನು ನಾವು ಹೀಗೆ ಮುಂದೂಡಿದ್ದರೆ ಬ್ಯಾಂಕಿನವರು ಸುಮ್ಮನಿರುತ್ತಿದ್ದರೇ?

ಹಾಗೆಂದು ಏನೂ ಇಲ್ಲವೆಂದಲ್ಲ. ಈಗ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ 9 ಮತ್ತು 10ನೇ ತರಗತಿಗೆ ವೃತ್ತಿಶಿಕ್ಷಣದ ವಿಷಯಗಳಿವೆ. ಶಾಲೆಯಲ್ಲಿ ಇವನ್ನು ಎನ್.ಎಸ್.ಕ್ಯೂ.ಎಫ್. ಎನ್ನುತ್ತಾರೆ. ಆಟೋಮೊಬೈಲ್, ಐ.ಟಿ., ಆರೋಗ್ಯ ಸೇವೆ, ರಿಟೇಲ್ ಅಂದರೆ ಅಂಗಡಿ ವ್ಯಾಪಾರ, ಬ್ಯೂಟಿ ಮುಂತಾದವು. ಒಂದು ಶಾಲೆಯಲ್ಲಿ ಇವೆಲ್ಲ ಸಿಗುವುದಿಲ್ಲ. ಒಂದೋ ಎರಡೋ ಇರುತ್ತವೆ. ಆಟೋಮೊಬೈಲ್ ಮತ್ತು ಬ್ಯೂಟಿ ಎರಡೂ ಇರುವ ಶಾಲೆಯಲ್ಲಿ ಹುಡುಗಿಯರು ಯಾವುದಕ್ಕೆ ಹೋಗುತ್ತಾರೆಂದು ನಾನು ಹೇಳಬೇಕಾಗಿಲ್ಲ. ಬೇರೆಯದನ್ನು ಕೇಳಲು ಅವರ ಬೆನ್ನಿಗೆ ಯಾರು ನಿಲ್ಲುತ್ತಾರೆ?

ಹೊಲಿಗೆ ಕೀಳೆಂದು ನಾನು ಹೇಳುತ್ತಿಲ್ಲ. ಎಷ್ಟೋ ಒಂಟಿ ಹೆಂಗಸರ ಸಂಸಾರವನ್ನು ಆ ಯಂತ್ರವೇ ದಡ ಸೇರಿಸಿದೆ. ಆದರೆ ಲೆಕ್ಕ ಹಾಕಿ ನೋಡಿ. ಒಂದೇ ಹಳ್ಳಿಯಲ್ಲಿ ಇಪ್ಪತ್ತು ಹುಡುಗಿಯರು ಬ್ಲೌಸ್ ಹೊಲಿಯಲು ಕಲಿತರೆ ಬ್ಲೌಸಿನ ದರ ಏರುತ್ತದೆಯೋ ಇಳಿಯುತ್ತದೆಯೋ? ಅದೇ ಹಳ್ಳಿಯಲ್ಲಿ ಪಂಪ್‌ಸೆಟ್ ಮೋಟಾರು ಸುಟ್ಟರೆ ವೈಂಡಿಂಗ್ ಮಾಡಿಸಲು ಪೇಟೆಗೆ ಹೊತ್ತೊಯ್ಯಬೇಕು. ಮಿಕ್ಸಿ ಕೆಟ್ಟರೂ ಪೇಟೆಗೇ ಹೋಗಬೇಕು. ಆ ಕೆಲಸವನ್ನು ಹುಡುಗಿ ಏಕೆ ಕಲಿಯಬಾರದು? ಮೋಟಾರಿನ ತಾಮ್ರದ ತಂತಿಗೆ, ಸುತ್ತುವ ಕೈ ಗಂಡಸಿನದೋ ಹೆಂಗಸಿನದೋ ಎಂದು ಗೊತ್ತಾಗುತ್ತದೆಯೇ?

ಎಸ್.ಎಸ್.ಎಲ್.ಸಿ. ಪಾಸಾದ ಮೇಲೆ ದಾರಿಗಳಿವೆ. ಐ.ಟಿ.ಐ.ಗಳಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ವಿಭಾಗಗಳಿಗೆ ಹುಡುಗಿಯರೂ ಸೇರಬಹುದು. ಅವರಿಗೆ ಸೀಟು ಮೀಸಲಿದೆ. ಹುಡುಗಿಯರಿಗಷ್ಟೇ ಇರುವ ಐ.ಟಿ.ಐ.ಗಳೂ ಇವೆ. ಎರಡು ವರ್ಷದ ಐ.ಟಿ.ಐ. ಮುಗಿಸಿದವರು ನೇರವಾಗಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿ.ಟಿ.ಟಿ.ಸಿ., ಈಗ ರಾಜ್ಯದ ಹಲವು ಊರುಗಳಲ್ಲಿದೆ. ಅಲ್ಲಿ ಅಚ್ಚು ಮತ್ತು ಉಪಕರಣ ತಯಾರಿಕೆಯ ನಾಲ್ಕು ವರ್ಷದ ಡಿಪ್ಲೊಮಾಗೆ ಕೊನೆಯ ವರ್ಷ ಕಾರ್ಖಾನೆಯೊಳಗೇ ತರಬೇತಿ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ. "ಅಷ್ಟು ದೂರ ದಿನಾ ಹೋಗಿಬರಲು ಬಸ್‌ಚಾರ್ಜಿಗೆ ಎಲ್ಲಿಂದ ತರಲಿ" ಎಂಬ ತಂದೆಯ ಮಾತು ಈಗ ನಿಲ್ಲುವುದಿಲ್ಲ.

ತರಬೇತಿ ಎಂಬ ಹೆಸರು ಕಂಡ ಕೂಡಲೇ ಮರುಳಾಗಲೂಬಾರದು. ನೆರೆಯ ತಮಿಳುನಾಡಿನ ಕೊಯಮತ್ತೂರು, ತಿರುಪ್ಪೂರು, ಈರೋಡು ಸುತ್ತಿನ ನೂಲಿನ ಗಿರಣಿಗಳಲ್ಲಿ 'ಸುಮಂಗಲಿ' ಎಂಬ ಹೆಸರಿನಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಹದಿಹರೆಯದ ಬಡ ಹುಡುಗಿಯರನ್ನು ತರಬೇತಿಯವರು, ಅಪ್ರೆಂಟಿಸ್‌ಗಳು ಎಂದು ಕರೆದು ಸೇರಿಸಿಕೊಂಡರು. ಸುಮಾರು ಮೂರು ವರ್ಷ ಗಿರಣಿಯ ಹಾಸ್ಟೆಲಿನಲ್ಲೇ ಇದ್ದು ದುಡಿದರೆ ಕೊನೆಗೆ ಒಂದು ಗಂಟು ದುಡ್ಡು, ಮದುವೆಗೆ ಆಗುತ್ತದೆ ಎಂಬ ಆಸೆ ತೋರಿಸಿದರು. ಕಾಯಿಲೆ ಬಿದ್ದು ನಡುವೆ ಬಿಟ್ಟುಬಂದ ಎಷ್ಟೋ ಹುಡುಗಿಯರಿಗೆ ಆ ಗಂಟು ಸಿಗಲೇ ಇಲ್ಲ. 2011ರಲ್ಲಿ ವಿದೇಶಿ ಸಂಘಟನೆಗಳ ವರದಿ ಹೊರಬಂದಾಗ ಆ ಬಟ್ಟೆ ಕೊಳ್ಳುವ ದೊಡ್ಡ ಕಂಪನಿಗಳು ಉತ್ತರ ಹೇಳಬೇಕಾಯಿತು. ಹುಡುಗಿ ತನ್ನ ವರದಕ್ಷಿಣೆಯನ್ನು ತಾನೇ ನೂಲಬೇಕಾದ ಆ ಏರ್ಪಾಟಿಗೆ ಇಟ್ಟ ಹೆಸರು ನೋಡಿ, ಸುಮಂಗಲಿಯಂತೆ!

ಅದು ಗಿರಣಿಯ ಮಾತಾಯಿತು. ನಮ್ಮ ಮನೆಗಳಲ್ಲಿ ಇದು ಇನ್ನೂ ಸದ್ದಿಲ್ಲದೆ ನಡೆಯುತ್ತದೆ. "ನಮಗೇನೂ ಬೇಡ, ಹುಡುಗಿ ಕೆಲಸದಲ್ಲಿದ್ದರೆ ಸಾಕು" ಎನ್ನುವ ಗಂಡಿನ ಕಡೆಯವರನ್ನು ಕಂಡು ನಾವು ಹಿಗ್ಗುತ್ತೇವೆ. ಆಮೇಲೆ ಅವಳ ಎ.ಟಿ.ಎಂ. ಕಾರ್ಡು ಗಂಡನ ಜೇಬಿನಲ್ಲಿರುತ್ತದೆ. ತಿಂಗಳ ಸಂಬಳವೆಂಬುದು ಕಂತಿನಲ್ಲಿ ಕೊಡುವ ವರದಕ್ಷಿಣೆಯಾಗುತ್ತದೆ. ದುಡಿಯುವ ಹೆಂಗಸಿಗೆ ಏಟು ಬೀಳುವುದಿಲ್ಲ ಎಂದು ನಂಬಿದವರು ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕಂದಿರನ್ನು ಕೇಳಿ ನೋಡಲಿ. ಅದೇ ಅಕ್ಕಂದಿರು 2016ರ ಏಪ್ರಿಲ್‌ನಲ್ಲಿ, ಮಾಲೀಕರ ಪಾಲಿನ ಪಿ.ಎಫ್. ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ ಬೆಂಗಳೂರಿನ ಬೀದಿಗಿಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ಹಿಂದಕ್ಕೆ ಪಡೆಯಿತು. ಸರ್ಕಾರವನ್ನು ಮಣಿಸಿದವರಿಗೂ ಮನೆಯಲ್ಲಿ ಸಂಬಳದ ಲೆಕ್ಕ ಕೇಳುವುದು ಕಷ್ಟವಾಗುತ್ತದೆ ಎಂದರೆ ಆ ಕಷ್ಟ ಎಂಥದೆಂದು ಊಹಿಸಿ.

ಆದ್ದರಿಂದ ಕಸುಬಿನ ಜೊತೆಗೇ, ಅದೇ ಹೈಸ್ಕೂಲು ವಯಸ್ಸಿನಲ್ಲಿ, ದುಡ್ಡಿನ ಒಡೆತನವನ್ನೂ ಕಲಿಸಬೇಕೆಂದು ನಾನು ಹೇಳುವುದು. 10 ವರ್ಷ ದಾಟಿದ ಮಕ್ಕಳು ಉಳಿತಾಯ ಖಾತೆಯನ್ನು ತಾವೇ ನಡೆಸಲು 2014ರಲ್ಲಿ ರಿಸರ್ವ್ ಬ್ಯಾಂಕ್ ದಾರಿ ಮಾಡಿಕೊಟ್ಟಿದೆ. ಎಂಟನೇ ತರಗತಿಯಲ್ಲಿ ಬ್ಯಾಂಕಿನ ಚಲನ್ ತುಂಬಿ ಅಭ್ಯಾಸವಾದವಳು ಇಪ್ಪತ್ತೆರಡರಲ್ಲಿ ಪಾಸ್‌ಬುಕ್ ಬಿಟ್ಟುಕೊಡುವ ಮುಂಚೆ ಒಮ್ಮೆಯಾದರೂ ಯೋಚಿಸುತ್ತಾಳೆ. ಕಾನೂನೂ ಅವಳ ಕಡೆ ಇದೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಪ್ರಕಾರ, ಯಾರು ಪಡೆದಿದ್ದರೂ ಆ ವರದಕ್ಷಿಣೆಯನ್ನು ಹೆಣ್ಣಿಗೇ ಒಪ್ಪಿಸಬೇಕು. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಲ್ಲಿ ಆರ್ಥಿಕ ದೌರ್ಜನ್ಯವೂ ಸೇರಿದೆ. ಅದರ ನಿಯಮಗಳಲ್ಲಿರುವ ದೂರಿನ ನಮೂನೆಯಲ್ಲಿ, ಕೆಲಸಕ್ಕೆ ಹೋಗಲು ಬಿಡದಿರುವುದು, ಸಂಬಳ ಕಿತ್ತುಕೊಳ್ಳುವುದು ಎಂದು ಸ್ಪಷ್ಟವಾಗಿ ಅಚ್ಚಾಗಿದೆ. ತಾಲ್ಲೂಕಿನಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಲ್ಲೇ ಉಳಿದ ಹೊಲಿಗೆ ಯಂತ್ರವನ್ನು ವಾಪಸು ಕೊಡಿಸೆಂದು ಈ ಕಾಯಿದೆಯಡಿ ಕೇಳಬಹುದು.

ಸಂಘದ ಮುಂದಿನ ಸಭೆಯಲ್ಲಿ ಸಾಲದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಇದಕ್ಕೆ ಇಡಿ. ನಿಮ್ಮೂರಿನ ಹೈಸ್ಕೂಲಿನಲ್ಲಿ ವೃತ್ತಿಶಿಕ್ಷಣದ ವಿಷಯ ಇದೆಯೇ, ಇದ್ದರೆ ಯಾವುದು, ಕಲಿಸುವ ಶಿಕ್ಷಕರು ವರ್ಷವಿಡೀ ಇರುತ್ತಾರೆಯೇ, ಹುಡುಗಿಯರಿಗೆ ಆಯ್ಕೆ ಕೊಟ್ಟರೇ ಎಂದು ಹೆಡ್‌ಮಾಸ್ಟರನ್ನು ಕೇಳಿ. ನಿಮ್ಮಲ್ಲಿ ಕೆಲವರು ಎಸ್.ಡಿ.ಎಂ.ಸಿ.ಯಲ್ಲಿ ಇದ್ದೀರಿ, ಸಹಿ ಹಾಕಿ ಎದ್ದುಬರಬೇಡಿ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ವಾರವೇ ಗಂಡು ನೋಡಲು ಶುರುಮಾಡುವ ಮನೆಗಳು ಯಾವುವೆಂದು ನಿಮಗೆ ಗೊತ್ತು. ಆ ಮನೆಗಳಿಗೆ ಐ.ಟಿ.ಐ. ಅರ್ಜಿಯ ಸುದ್ದಿ ಹಿಡಿದು ನೀವೇ ಮೊದಲು ಹೋಗಿ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ದಿನ ಹಿಡಿಯುತ್ತದೆ, ಪರೀಕ್ಷೆ ಮುಗಿದ ಕೂಡಲೇ ಮಾಡಿಸಿಡಿ. ಶಾಲೆಯಲ್ಲಿ ನಿಮಗೆ ಸಿಕ್ಕ ಉತ್ತರವನ್ನು ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅವಕ್ಕೆಂದೇ ಪುಟ ಬಿಟ್ಟಿರುತ್ತೇನೆ.