ಒಂದೆಲಗವನ್ನು ಒಂದೆಲಗವೆನ್ನುವುದೇ ಲೇಸು

ಗಿಡವೊಂದರ ಹೆಸರಿನ ವಿಚಾರವಾಗಿ ಅಗ್ರಲೇಖನವನ್ನು ಬರೆಯುವುದು ಕೆಲವು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ದೇಶದ ಮುಂದೆ ದೊಡ್ಡ ದೊಡ್ಡ ಪ್ರಶ್ನೆಗಳಿರುವಾಗ ಗದ್ದೆಯ ಬದುವಿನ ಸೊಪ್ಪಿನ ಗೊಡವೆ ಪತ್ರಿಕೆಗೇಕೆ ಎಂದು ಕೇಳುವವರೂ ಉಂಟು. ಆದರೆ ಔಷಧವೆಂದು ಮಕ್ಕಳ ಬಾಯಿಗೆ ಹೋಗುವ ಪದಾರ್ಥದ ಹೆಸರು ಅಂಗಡಿಯ ತೂಕದ ಕಲ್ಲಿನಷ್ಟೇ ಖಚಿತವಾಗಿರಬೇಕು. ಕಲ್ಲು ತಪ್ಪಾದರೆ ಹಣಕ್ಕೆ ನಷ್ಟ. ಹೆಸರು ತಪ್ಪಾದರೆ ದೇಹಕ್ಕೆ ನಷ್ಟ.

ಈಚೆಗೆ ನಮ್ಮ ಮನೆಯ ಮಗುವಿಗೆ ವೈದ್ಯರೊಬ್ಬರು ಬ್ರಾಹ್ಮಿಯನ್ನು ಕೊಡುವಂತೆ ಹೇಳಿದರು. ಪೇಟೆಯ ಒಂದು ಅಂಗಡಿಯಲ್ಲಿ ಬ್ರಾಹ್ಮಿಯೆಂದು ಒಂದೆಲಗದ ಕಟ್ಟನ್ನು ಕೊಟ್ಟರು. ಇನ್ನೊಂದರಲ್ಲಿ ಅದೇ ಹೆಸರಿನಿಂದ ಸಣ್ಣೆಲೆಯ ಬೇರೊಂದು ಬಳ್ಳಿಯನ್ನು ಒಣಗಿಸಿ ಇಟ್ಟಿದ್ದರು. ವರ್ತಕರಿಬ್ಬರೂ ಪ್ರಾಮಾಣಿಕರೇ. ಮೋಸ ಮಾಡಿದ್ದು ಹೆಸರು.

ಈ ಎರಡು ಸಸ್ಯಗಳೂ ಜೌಗುನೆಲದವು. ಎರಡೂ ನೆಲಕ್ಕಂಟಿ ಹಬ್ಬಿ, ಗೆಣ್ಣುಗೆಣ್ಣಿಗೂ ಬೇರು ಬಿಡುತ್ತವೆ. ಸಾಮ್ಯವು ಇಲ್ಲಿಗೆ ಮುಗಿಯಿತು. ಒಂದೆಲಗದ ಎಲೆ ದುಂಡಗೆ, ಅಂಚು ಹಲ್ಲುಹಲ್ಲಾಗಿ, ಒಂದೊಂದು ಎಲೆಯೂ ತನ್ನದೇ ನೀಳವಾದ ತೊಟ್ಟಿನ ಮೇಲೆ ಪ್ರತ್ಯೇಕವಾಗಿ ನಿಂತಿರುತ್ತದೆ. ಹೆಸರಿನಲ್ಲಿಯೇ ಅದರ ಲಕ್ಷಣವಿದೆ. ನೀರುಬ್ರಾಹ್ಮಿಯ ಎಲೆಯಾದರೋ ಚಿಕ್ಕದು, ದಪ್ಪನೆಯದು, ಜೋಡಿ ಜೋಡಿಯಾಗಿ ಎದುರುಬದುರು ಹುಟ್ಟುವುದು, ರುಚಿ ಕಹಿ, ಹೂವು ಬಿಳುಪು ಇಲ್ಲವೆ ತಿಳಿನೀಲಿ. ಸಸ್ಯಶಾಸ್ತ್ರಜ್ಞರು ಮೊದಲನೆಯದನ್ನು ಸೆಂಟೆಲ್ಲಾ ಏಷಿಯಾಟಿಕಾ ಎಂದು ಕರೆದು ಕೊತ್ತಂಬರಿ ಜೀರಿಗೆಗಳ ಕುಟುಂಬಕ್ಕೆ ಸೇರಿಸಿರುವರು. ಎರಡನೆಯದು ಬಕೋಪಾ ಮೊನ್ನಿಯೆರಿ, ಅದರ ಕುಟುಂಬವೇ ಬೇರೆ. ಒಂದರ ಸಾರ ಏಷಿಯಾಟಿಕೋಸೈಡ್, ಇನ್ನೊಂದರದು ಬಕೋಸೈಡ್.

ಈ ಗೊಂದಲ ಇಂದಿನದಲ್ಲ. ಬುದ್ಧಿವರ್ಧಕವಾದ ನಾಲ್ಕು ಮೇಧ್ಯ ರಸಾಯನಗಳಲ್ಲಿ ಚರಕಸಂಹಿತೆಯು ಮೊದಲು ಹೇಳುವುದು ಮಂಡೂಕಪರ್ಣಿಯ ಸ್ವರಸವನ್ನು. ಯಷ್ಟಿಮಧು, ಗುಡೂಚಿ, ಶಂಖಪುಷ್ಪಿಗಳು ಉಳಿದ ಮೂರು. ಮಂಡೂಕಪರ್ಣಿಯೇ ನಮ್ಮ ಒಂದೆಲಗ. 16ನೆಯ ಶತಮಾನದ ಭಾವಪ್ರಕಾಶವು ಬ್ರಾಹ್ಮಿಯ ಗುಣಗಳನ್ನು ವರ್ಣಿಸಿ, ಮಂಡೂಕಪರ್ಣಿಯೂ ಅದರಂತೆಯೇ ಎಂದಿತು. ಗುಣಸಾಮ್ಯವನ್ನು ಹೇಳಿದ ಮಾತನ್ನು ಜನರು ಗಿಡವೇ ಒಂದೆಂಬ ಮಾತಾಗಿ ಹಿಡಿದರು. ಕೇರಳದಲ್ಲಿ ಬ್ರಹ್ಮಿಯೆಂದರೆ ಸಣ್ಣೆಲೆಯ ಗಿಡವೇ. 17ನೆಯ ಶತಮಾನದಲ್ಲಿ ಡಚ್ಚರು ಅಚ್ಚು ಮಾಡಿಸಿದ ಹೋರ್ಟಸ್ ಮಲಬಾರಿಕಸ್ ಗ್ರಂಥದಲ್ಲಿಯೂ ಅದಕ್ಕೇ ಆ ಹೆಸರು. ಹಿಮಾಲಯದ ತಪ್ಪಲಿನಲ್ಲಿಯೂ ನಮ್ಮ ಪೇಟೆಗಳಲ್ಲಿಯೂ ಒಂದೆಲಗವನ್ನೇ ಬ್ರಾಹ್ಮಿಯೆನ್ನುವರು. ಆದರೆ ಭಾರತದ ಆಯುರ್ವೇದ ಔಷಧಸಂಹಿತೆಯು ಬ್ರಾಹ್ಮಿ ಮಂಡೂಕಪರ್ಣಿಗಳನ್ನು ಎರಡು ಬೇರೆ ದ್ರವ್ಯಗಳೆಂದೇ ನಮೂದಿಸಿದೆ. ಶಾಸ್ತ್ರವೂ ಸರ್ಕಾರವೂ ಬೇರ್ಪಡಿಸಿದ್ದನ್ನು ಅಂಗಡಿಯ ಚೀಟಿ ಬೆರೆಸುತ್ತಿರುವುದು ಯಾವ ನ್ಯಾಯ?

ಜನರು ಕರೆದದ್ದೇ ಹೆಸರಲ್ಲವೆ ಎಂದು ಆಕ್ಷೇಪಿಸುವವರುಂಟು. ಆ ಮಾತನ್ನು ನಾವೂ ಒಪ್ಪುವೆವು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಹಳ್ಳಿಯ ಗೃಹಿಣಿ ಇದನ್ನು ಏನೆಂದು ಕರೆಯುವಳು? ಒಂದೆಲಗವೆಂದೇ. ತುಳುವರು ತಿಮರೆ ಎನ್ನುವರು, ತಮಿಳರು ವಲ್ಲಾರೈ ಎನ್ನುವರು. ಈ ದೇಶ್ಯ ಹೆಸರುಗಳಲ್ಲಿ ಗೊಂದಲವಿಲ್ಲ. ಹೆಚ್ಚು ಘನವಾಗಿ ಕೇಳಿಸಲೆಂದು ತೊಡಿಸಿದ ಹೆಸರಿನಿಂದಲೇ ಗೊಂದಲ ಹುಟ್ಟಿತು. ಮನೆಯ ಹೆಸರನ್ನು ಕೀಳೆಂದು ಭಾವಿಸಿದ್ದಕ್ಕೆ ನಾವು ತೆತ್ತ ದಂಡವಿದು.

ಆ ಹೆಸರಿನೊಂದಿಗೆ ಒಂದು ಬಳಕೆಯೂ ಬಂದಿದೆ. ತುಪ್ಪದಲ್ಲಿ ಹುರಿದ ಜೀರಿಗೆ ಮೆಣಸು, ಒಂದು ಹಿಡಿ ಎಲೆ, ಕಾಯಿತುರಿ ಇವಿಷ್ಟನ್ನೂ ನುಣ್ಣಗೆ ಅರೆದು ಮಜ್ಜಿಗೆಯಲ್ಲಿ ಕದಡಿದರೆ ತಂಬುಳಿ. ಊಟದ ಆರಂಭದಲ್ಲಿ ಅನ್ನಕ್ಕೆ ಅದು ಬೀಳಬೇಕು. ಇಲ್ಲಿ ಅದು ಆಹಾರ, ಪ್ರಮಾಣವೂ ಅಡಿಗೆಮನೆಯ ಹಿಡಿಯಷ್ಟು. ಅದನ್ನೇ ಮಾತ್ರೆಯಾಗಿ, ಅರಿಷ್ಟವಾಗಿ ತಿಂಗಳುಗಟ್ಟಲೆ ಸೇವಿಸುವುದು ಬೇರೆಯ ಸಂಗತಿ. ಗರ್ಭಿಣಿಯರೂ ಯಕೃತ್ತಿನ ದೋಷವುಳ್ಳವರೂ ವೈದ್ಯರನ್ನು ಕೇಳದೆ ಅದಕ್ಕೆ ಕೈಹಾಕಲಾಗದು.

ಗಿಡ ಬೆಳೆಯುವ ಎಡೆಯನ್ನು ಕುರಿತೂ ಎರಡು ಮಾತು. ಅಡಕೆ ತೋಟದ ಬಸಿಗಾಲುವೆಯ ಅಂಚು ಒಂದೆಲಗದ ಸಹಜವಾದ ಮನೆ. ಕೊಳೆರೋಗದ ನಿವಾರಣೆಗೆ ಮೈಸೂರಿನಲ್ಲಿ ಕೋಲ್ಮನ್ನರು ಶತಮಾನದ ಹಿಂದೆ ಬಳಕೆಗೆ ತಂದ ಬೋರ್ಡೋ ದ್ರಾವಣ ತೋಟಿಗರ ಪಾಲಿಗೆ ಸಂಜೀವಿನಿಯೇ ಆಯಿತು. ಆದರೆ ಮರಕ್ಕೆ ಹೊಡೆದ ಮೈಲುತುತ್ತು ಮರದಡಿಯ ಸೊಪ್ಪಿನ ಮೇಲೂ ಬೀಳುತ್ತದೆ. ಇದರ ಮೇಲೆ ಈಗ ಕಳೆನಾಶಕವೂ ಸೇರಿದೆ. ಅಂಥ ಎಡೆಯ ಎಲೆಯನ್ನು ಕಿತ್ತು ಮಗುವಿನ ತಟ್ಟೆಗೆ ಹಾಕುವುದು ವಿವೇಕವಲ್ಲ. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಮುಗಿದಾಗ ಶರಾವತಿಯ ಕಣಿವೆಯ ಎಷ್ಟೋ ಗದ್ದೆ ತೋಟಗಳು ಜಲಗತವಾದವು. ಉಳಿದ ತೇವದ ನೆಲವನ್ನು ವಿಷದಿಂದ ನಾವೇ ಕೆಡಿಸಿಕೊಳ್ಳಬೇಕೆ?

ಆದುದರಿಂದ ನಮ್ಮ ಸೂಚನೆಗಳು ಸರಳವಾಗಿವೆ. ಔಷಧ ತಯಾರಕರು ಪೊಟ್ಟಣದ ಮೇಲೆ ಬ್ರಾಹ್ಮಿಯೆಂದು ಮಾತ್ರ ಬರೆಯದೆ, ಒಂದೆಲಗವೋ ನೀರುಬ್ರಾಹ್ಮಿಯೋ ಎಂಬುದನ್ನು ಶಾಸ್ತ್ರೀಯ ನಾಮದೊಡನೆ ಕನ್ನಡದಲ್ಲಿ ದಪ್ಪಕ್ಷರಗಳಿಂದ ಮುದ್ರಿಸಲಿ. ಅಧಿಕಾರಿಗಳು ಅದನ್ನು ವಿಧಾಯಕ ಮಾಡಲಿ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿರುವ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದವರು ಮಲೆನಾಡಿನ ಜೌಗುಸಸ್ಯಗಳ ಹೆಸರುಗಳನ್ನು ಊರೂರಿನ ಹಿರಿಯ ಹೆಂಗಸರಿಂದ ಕೇಳಿ ಬರೆದಿಡಲಿ. ಶಾಲೆಯ ಉಪಾಧ್ಯಾಯರು ಮಕ್ಕಳನ್ನು ಒಂದು ದಿನ ಬದುವಿಗೆ ಕರೆದೊಯ್ದು ಎರಡು ಎಲೆಗಳನ್ನೂ ಕೈಗೆ ಕೊಡಲಿ. ಇದಕ್ಕೆ ಹಣ ಬೇಕಿಲ್ಲ; ಸ್ವಲ್ಪ ಶ್ರದ್ಧೆಯಿದ್ದರೆ ಸಾಕು. ಎಲೆಯನ್ನು ನೋಡಿ ಹೆಸರು ಹೇಳಬಲ್ಲ ಮಗುವನ್ನು ಯಾವ ಚೀಟಿಯೂ ವಂಚಿಸಲಾರದು.